ಕಡಲ ಮೇಲೆ 113 ಮೈಲಿ

ಅಮೆರಿಕದ ಭೂಪಟದಲ್ಲಿ ಆಗ್ನೇಯದ ತುದಿಗೆ ಕಣ್ಣು ಹಾಯಿಸಿದರೆ, ಫ್ಲಾರಿಡಾ ರಾಜ್ಯದ ನೆಲ ಮುಗಿಯುವಲ್ಲಿಂದ ನೈಋತ್ಯಕ್ಕೆ ಬಿಲ್ಲಿನಂತೆ ಬಾಗಿದ ಚುಕ್ಕಿಗಳ ಸಾಲೊಂದು ಕಾಣುತ್ತದೆ. ಅದೇ ‘ಫ್ಲಾರಿಡಾ ಕೀಸ್’ ಎಂಬ ದ್ವೀಪಮಾಲೆ. ಇಲ್ಲಿ ದ್ವೀಪಕ್ಕೆ ‘ಕೀ’ ಎಂದು ಹೆಸರು. ಬೀಗದ ಕೈಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಚಿಕ್ಕ ದ್ವೀಪವನ್ನು ಸ್ಪ್ಯಾನಿಷ್ ಭಾಷೆಯಲ್ಲಿ ‘ಕಾಯೋ’ ಎನ್ನುತ್ತಾರೆ; ಇಂಗ್ಲಿಷರ ಬಾಯಲ್ಲಿ ಅದು ‘ಕೀ’ ಆಯಿತು. ಕರ್ಕಾಟಕ ಸಂಕ್ರಾಂತಿ ವೃತ್ತಕ್ಕೆ ಸ್ವಲ್ಪವೇ ಉತ್ತರದಲ್ಲಿರುವ ಈ ದ್ವೀಪಗಳಲ್ಲಿ ತೆಂಗು ಬೆಳೆಯುತ್ತದೆ, ದಾಸವಾಳ ಅರಳುತ್ತದೆ, ಮಾವು ಹಣ್ಣಾಗುತ್ತದೆ. ಕೊನೆಯ ಊರಾದ ಕೀ ವೆಸ್ಟ್‌ನಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ ಬಿದ್ದ ದಾಖಲೆ ಇದುವರೆಗೂ ಇಲ್ಲ. ಅಮೆರಿಕವೆಂದರೆ ಹಿಮ, ಕೋಟು, ಕೈಗವಸು ಎಂದುಕೊಂಡು ಬರುವ ನಮ್ಮ ಊರಿನ ಹಿರಿಯರಿಗೆ ಈ ಮೂಲೆಯೊಂದು ಅಚ್ಚರಿ.

ಈ ದ್ವೀಪಗಳನ್ನು ಪೋಣಿಸಿರುವ ದಾರವೇ ‘ಓವರ್‌ಸೀಸ್ ಹೈವೇ’. ಅಮೆರಿಕದ ಒಂದನೇ ಸಂಖ್ಯೆಯ ಹೆದ್ದಾರಿ ಕೆನಡಾದ ಗಡಿಯಲ್ಲಿರುವ ಮೇಯ್ನ್ ರಾಜ್ಯದಿಂದ ಹೊರಟು ಪೂರ್ವ ಕರಾವಳಿಯುದ್ದಕ್ಕೂ ಇಳಿದು ಬಂದು, ಕಡೆಯ 113 ಮೈಲಿಗಳನ್ನು, ಎಂದರೆ ಸುಮಾರು 182 ಕಿಲೋಮೀಟರನ್ನು, 42 ಸೇತುವೆಗಳ ಮೂಲಕ ಕಡಲ ಮೇಲೆ ಕ್ರಮಿಸುತ್ತದೆ. ಕುಂದಾಪುರದಿಂದ ಬೈಂದೂರಿಗೆ ಹೋಗುವಾಗ ಮರವಂತೆಯಲ್ಲಿ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ಕಾಣುವ ಆ ಕೆಲವು ನಿಮಿಷಗಳನ್ನು ನೆನಪಿಸಿಕೊಳ್ಳಿ. ಅದನ್ನೇ ನಾಲ್ಕು ಗಂಟೆಗಳಷ್ಟು ಹಿಗ್ಗಿಸಿದರೆ ಈ ದಾರಿಯ ಅಂದಾಜು ಸಿಗುತ್ತದೆ. ಬಣ್ಣ ಮಾತ್ರ ಬೇರೆ. ನಮ್ಮ ಅರಬ್ಬಿ ಸಮುದ್ರದ ಗಾಢವಾದ ಬೂದು ನೀಲಿ ಇಲ್ಲಿಲ್ಲ. ತಳದಲ್ಲಿರುವುದು ಸುಣ್ಣಕಲ್ಲು ಮತ್ತು ಬಿಳಿಯ ಮರಳು. ನೀರಿನ ಆಳವೂ ಕಡಮೆ. ಹೀಗಾಗಿ ಕಡಲು ಒಂದೆಡೆ ಎಳೆಯ ಬಾಳೆಲೆಯ ಹಸಿರು, ಒಂದೆಡೆ ಮೈಲುತುತ್ತದ ನೀಲಿ.

ಹೋದ ಚಳಿಗಾಲದಲ್ಲಿ ನನ್ನ ತಂದೆ ತಾಯಿ ಮೈಸೂರಿನಿಂದ ಬಂದಿದ್ದಾಗ ಅವರನ್ನು ಕರೆದುಕೊಂಡು ಮೂರು ದಿನಗಳ ಈ ಪ್ರಯಾಣವನ್ನು ಕೈಗೊಂಡೆವು. ತಂದೆಯವರು ಸ್ಟೇಷನ್ ಮಾಸ್ಟರ್ ಆಗಿ ನಿವೃತ್ತರಾದವರು; ಸೇವೆಯ ಬಹುಭಾಗವನ್ನು ಸಕಲೇಶಪುರದ ಘಟ್ಟದ ಸೆರಗಿನಲ್ಲಿ ಕಳೆದವರು. ಆದ್ದರಿಂದ ದೃಶ್ಯಕ್ಕಿಂತ ಹೆಚ್ಚಾಗಿ ಅವರ ಕಣ್ಣು ಬಿದ್ದದ್ದು ರಸ್ತೆಯ ಪಕ್ಕದಲ್ಲಿ ತುಂಡುತುಂಡಾಗಿ ನಿಂತಿದ್ದ ಹಳೆಯ ಸೇತುವೆಗಳ ಮೇಲೆ. “ಇದು ರಸ್ತೆಗೆ ಕಟ್ಟಿದ ಸೇತುವೆ ಅಲ್ಲ ಕಣಪ್ಪ, ರೈಲಿಗೆ ಕಟ್ಟಿದ್ದು,” ಎಂದು ಯಾವ ಫಲಕವನ್ನೂ ಓದದೆ ಹೇಳಿದರು. ಅವರ ಮಾತು ಸರಿಯಾಗಿತ್ತು.

ಹೆನ್ರಿ ಫ್ಲಾಗ್ಲರ್ ಎಂಬಾತ ರಾಕ್‌ಫೆಲ್ಲರ್‌ನ ಜತೆ ಸೇರಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯಲ್ಲಿ ಅಪಾರ ಹಣ ಗಳಿಸಿದ ಉದ್ಯಮಿ. ಇಳಿವಯಸ್ಸಿನಲ್ಲಿ ಆತನಿಗೆ ಫ್ಲಾರಿಡಾದ ಹುಚ್ಚು ಹಿಡಿಯಿತು. ಪೂರ್ವ ಕರಾವಳಿಯುದ್ದಕ್ಕೂ ಹೋಟೆಲುಗಳನ್ನೂ ಅವುಗಳಿಗೆ ಅತಿಥಿಗಳನ್ನು ತರಲು ರೈಲುಮಾರ್ಗವನ್ನೂ ಕಟ್ಟಿದ. ಮಯಾಮಿಗೆ ಬಂದು ನಿಂತ ಹಳಿಯನ್ನು ಕಡಲಿನ ಮೇಲೆಯೇ ಕೀ ವೆಸ್ಟ್‌ಗೆ ಒಯ್ಯಲು 1905ರಲ್ಲಿ ಹೊರಟಾಗ ಜನ ಅದನ್ನು ‘ಫ್ಲಾಗ್ಲರನ ಮೂರ್ಖತನ’ ಎಂದು ಹಾಸ್ಯ ಮಾಡಿದರು. 1906, 1909, 1910ರಲ್ಲಿ ಮೂರು ಚಂಡಮಾರುತಗಳು ಕಾಮಗಾರಿಯನ್ನು ನುಂಗಿದವು. ಮೊದಲನೆಯದರಲ್ಲಿಯೇ ನೂರಕ್ಕೂ ಹೆಚ್ಚು ಕೂಲಿಕಾರರು ಸತ್ತರು. ದುಡಿದವರು ಬಹಾಮಾಸ್, ಕೇಮನ್ ದ್ವೀಪಗಳಿಂದ ಬಂದವರು, ಸ್ಪೇನಿನವರು, ನ್ಯೂಯಾರ್ಕ್ ಬಂದರಿನಲ್ಲಿ ಆಗತಾನೇ ಹಡಗಿನಿಂದಿಳಿದ ಯೂರೋಪಿನ ಬಡವರು. ಕೆಲಸಗಾರರನ್ನು ಸಾಲದ ಹೆಸರಿನಲ್ಲಿ ಹಿಡಿದಿಟ್ಟುಕೊಳ್ಳಲಾಗಿದೆ ಎಂದು ಸರ್ಕಾರವೇ ಮೊಕದ್ದಮೆ ಹೂಡಿತು. ಅದು ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಪರದೇಶಕ್ಕೆ ದುಡಿಯಲು ಬರುವವರ ಕಥೆ ಹಳೆಯದು. ಅಂತೂ 1912ರ ಜನವರಿ 22ರಂದು 82 ವರ್ಷದ ಫ್ಲಾಗ್ಲರ್ ತನ್ನದೇ ರೈಲಿನಲ್ಲಿ ಕೀ ವೆಸ್ಟ್ ತಲುಪಿದ. ಮರುವರ್ಷ ಮನೆಯ ಮೆಟ್ಟಿಲಿನಿಂದ ಬಿದ್ದು, ಆ ಪೆಟ್ಟಿನಿಂದ ಚೇತರಿಸಿಕೊಳ್ಳದೆ ತೀರಿಕೊಂಡ. ವೃದ್ಧಾಪ್ಯದಲ್ಲಿ ಬೀಳುವುದು ಎಷ್ಟು ಅಪಾಯವೆಂದು ದಿನವೂ ರೋಗಿಗಳಿಗೆ ಹೇಳುವ ವೃತ್ತಿಯವನಾದ ನನಗೆ ಆ ವಿವರ ಮನಸ್ಸಿನಲ್ಲಿ ಉಳಿಯಿತು.

ಮೊದಲ ದೊಡ್ಡ ದ್ವೀಪ ಕೀ ಲಾರ್ಗೋ. ಇಲ್ಲಿಂದ ಮುಂದೆ ಊರಿನ ವಿಳಾಸಗಳೆಲ್ಲ ಮೈಲಿಗಲ್ಲಿನ ಲೆಕ್ಕದಲ್ಲಿ ನಡೆಯುತ್ತವೆ. ಸೊನ್ನೆಯು ಕೀ ವೆಸ್ಟ್‌ನಲ್ಲಿರುವುದರಿಂದ ನಾವು ಮುಂದೆ ಹೋದಂತೆ ಸಂಖ್ಯೆ ಇಳಿಯುತ್ತ ಬರುತ್ತದೆ. “ಎಂಬತ್ತೆಂಟೂವರೆ, ಕೊಲ್ಲಿಯ ಕಡೆ” ಎಂದರೆ ಸಾಕು, ಅಂಗಡಿ ಸಿಕ್ಕಿತು. ಹೊಸದಾಗಿ ಹೋಗುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಇಲ್ಲಿಯ ಸಮುದ್ರದಡಿಯಲ್ಲಿ ಅಮೆರಿಕದ ಮುಖ್ಯಭೂಮಿಗೆ ಸೇರಿದ ಏಕೈಕ ಜೀವಂತ ಹವಳದ ತಡೆದಿಬ್ಬವಿದೆ. ದ್ವೀಪಗಳಿಗೆ ಅಪ್ಪಳಿಸಬೇಕಾದ ಅಲೆಗಳು ಆ ದಿಬ್ಬದಲ್ಲಿಯೇ ಮುರಿಯುತ್ತವೆ. ಆದ್ದರಿಂದಲೇ ಇಲ್ಲಿ ಸ್ವಾಭಾವಿಕವಾದ ಮರಳಿನ ತೀರ ಅಪರೂಪ. ಮಲ್ಪೆ, ಗೋಕರ್ಣಗಳಂಥ ಉದ್ದನೆಯ ಬೀಚನ್ನು ನಿರೀಕ್ಷಿಸಿ ಬಂದವರಿಗೆ ನಿರಾಶೆಯಾಗುತ್ತದೆ. ನಿಜವಾದ ಸಂಪತ್ತು ನೀರಿನೊಳಗಿದೆ. ಕೀ ಲಾರ್ಗೋದ ಜಾನ್ ಪೆನ್ನೆಕ್ಯಾಂಪ್ ಉದ್ಯಾನವು ಈ ದೇಶದ ಮೊದಲ ಸಾಗರಗರ್ಭದ ಉದ್ಯಾನ. ಅದಕ್ಕಾಗಿ ಹೋರಾಡಿದ ಮಯಾಮಿಯ ಪತ್ರಕರ್ತರೊಬ್ಬರ ಹೆಸರನ್ನೇ ಇಟ್ಟಿದ್ದಾರೆ. ತಳದಲ್ಲಿ ಗಾಜು ಅಳವಡಿಸಿದ ದೋಣಿಯಲ್ಲಿ ಕುಳಿತರೆ ಈಜು ಬಾರದ ಹಿರಿಯರೂ ಬಗೆಬಗೆಯ ಮೀನುಗಳನ್ನು ನೋಡಬಹುದು.

ಆದರೆ ನೋಡಿದ್ದೆಲ್ಲವೂ ಸಂತೋಷದ್ದಲ್ಲ. 2023ರ ಜುಲೈ 24ರಂದು ಕೀ ಲಾರ್ಗೋಗೆ ಹತ್ತಿರದ ಮ್ಯಾನಟೀ ಬೇ ಎಂಬಲ್ಲಿನ ತೇಲುಮಾಪಕವು ಸಮುದ್ರದ ನೀರಿನ ಉಷ್ಣತೆಯನ್ನು 101.1 ಡಿಗ್ರಿ ಫ್ಯಾರನ್‌ಹೀಟ್ ಎಂದು ತೋರಿಸಿತು, ಎಂದರೆ 38.4 ಡಿಗ್ರಿ ಸೆಲ್ಸಿಯಸ್. ರೋಗಿಯ ಹಾಳೆಯಲ್ಲಿ ಈ ಅಂಕಿ ಕಂಡರೆ ನಾವು ಜ್ವರವೆಂದು ಬರೆದು ರಕ್ತಪರೀಕ್ಷೆಗೆ ಕಳುಹಿಸುತ್ತೇವೆ. ಆ ಜಾಗ ಆಳವಿಲ್ಲದ, ತಳ ಕಪ್ಪಗಿರುವ ಕೊಲ್ಲಿಯಾದ್ದರಿಂದ ಅಲ್ಲಿನ ನೀರು ಬೇಗ ಕಾಯುತ್ತದೆಂಬುದು ನಿಜ. ಹೊರಗಿನ ಹವಳದ ದಿಬ್ಬದಲ್ಲಿ ಅಷ್ಟು ಬಿಸಿ ಇರಲಿಲ್ಲ. ಆದರೆ ಹವಳಕ್ಕೆ ಅಷ್ಟು ಬೇಕಾಗಿಯೂ ಇಲ್ಲ. ಹವಳವೆಂಬುದು ಒಂದು ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿ ವಾಸವಾಗಿದ್ದು, ಬಿಸಿಲಿನಲ್ಲಿ ಅಡುಗೆ ಮಾಡಿ ಅದಕ್ಕೆ ಉಣಿಸುತ್ತದೆ. ವಾಡಿಕೆಯ ಬೇಸಿಗೆಗಿಂತ ಒಂದೆರಡು ಡಿಗ್ರಿ ಹೆಚ್ಚಾಗಿ, ಅದು ವಾರಗಟ್ಟಲೆ ಮುಂದುವರಿದರೆ, ಹವಳವು ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬಿಳಿಚಿದ್ದು ಕೂಡಲೇ ಸತ್ತಿತೆಂದಲ್ಲ. ನೀರು ಬೇಗ ತಣಿದರೆ ಚೇತರಿಸಿಕೊಳ್ಳಬಹುದು. ಆ ವರ್ಷ ತಣಿಯಲಿಲ್ಲ. ಹವಳದ ಸಸಿತೋಟಗಳನ್ನು ನಡೆಸುತ್ತಿದ್ದವರು ತಾವು ಸಮುದ್ರದಲ್ಲಿ ಬೆಳೆಸಿದ್ದ ತುಂಡುಗಳನ್ನು ಅವಸರದಿಂದ ಕಿತ್ತು ನೆಲದ ಮೇಲಿನ ತೊಟ್ಟಿಗಳಿಗೆ ಸಾಗಿಸಿದರು. ಜಿಂಕೆಯ ಕೊಂಬಿನಂತೆ ಕವಲೊಡೆಯುವ ಎರಡು ಜಾತಿಯ ಹವಳಗಳು ಈ ದ್ವೀಪಗಳ ಬಳಿ ಬಹುಮಟ್ಟಿಗೆ ಅಳಿದೇಹೋದವು. ನಮ್ಮ ದೋಣಿಯ ಗಾಜಿನಡಿಯಲ್ಲಿ ಮೀನುಗಳಿದ್ದವು, ಬೀಸಣಿಗೆಯಂಥ ಕಡಲಗಿಡಗಳಿದ್ದವು. ನಡುನಡುವೆ ಸುಟ್ಟ ಸುಣ್ಣದ ಗುಡ್ಡೆಗಳಂತೆ ಬರಿಯ ಕಲ್ಲು. ಮಾರ್ಗದರ್ಶಿ ಹುಡುಗಿ ಆ ಕಲ್ಲುಗಳ ಕಡೆಗೂ ಕೈ ತೋರಿಸಿ, ಅವು ಏನಾಗಿದ್ದವೆಂದು ಮುಚ್ಚುಮರೆಯಿಲ್ಲದೆ ಹೇಳಿದಳು.

82ನೇ ಮೈಲಿಯ ಸಮೀಪ ಇಸ್ಲಾಮೊರಾಡ ಎಂಬ ಊರು. ಮೀನು ಹಿಡಿಯುವ ಹವ್ಯಾಸಿಗಳಿಗೆ ಇದು ಕಾಶಿ. ಬಹಳ ಮಂದಿ ನಿಲ್ಲಿಸದೇ ಮುಂದೆ ಹೋಗುವ ರಸ್ತೆಬದಿಯಲ್ಲಿ ಸುಣ್ಣಕಲ್ಲಿನ ಸ್ಮಾರಕವೊಂದಿದೆ: ಗಾಳಿಗೆ ಬಾಗಿದ ತೆಂಗಿನ ಮರಗಳು, ಕೆಳಗೆ ಏರಿ ಬರುವ ಅಲೆಗಳು. ಇದರಡಿಯಲ್ಲಿ 1935ರ ಚಂಡಮಾರುತದಲ್ಲಿ ಸತ್ತವರ ಚಿತಾಭಸ್ಮವಿದೆ.

ಆ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮೊದಲ ಮಹಾಯುದ್ಧದಲ್ಲಿ ಹೋರಾಡಿದ್ದ ಅಮೆರಿಕದ ಸೈನಿಕರಿಗೆ ಸರ್ಕಾರ ಒಂದು ಭತ್ಯೆಯ ಭರವಸೆ ಕೊಟ್ಟಿತ್ತು. ಅದು ಕೈಗೆ ಸಿಗಲು 1945ರವರೆಗೆ ಕಾಯಬೇಕಿತ್ತು. ನಡುವೆ ಆರ್ಥಿಕ ಕುಸಿತ ಬಂದು ಕೆಲಸ ಕಳೆದುಕೊಂಡ ಸಾವಿರಾರು ಮಾಜಿ ಸೈನಿಕರು 1932ರಲ್ಲಿ ವಾಷಿಂಗ್ಟನ್ನಿನಲ್ಲಿ ಬೀಡುಬಿಟ್ಟು ಹಣವನ್ನು ಈಗಲೇ ಕೊಡಿರೆಂದು ಕೇಳಿದರು. ಅವರನ್ನು ಸೈನ್ಯವೇ ಚದುರಿಸಿತು. ಮುಂದಿನ ಸರ್ಕಾರ ಅಂಥವರಲ್ಲಿ ಕೆಲವರಿಗೆ ಈ ದ್ವೀಪಗಳಲ್ಲಿ ರಸ್ತೆ, ಸೇತುವೆ ಕಟ್ಟುವ ಕೆಲಸ ಕೊಟ್ಟಿತು. ಅವರು ತೆಳು ಹಲಗೆಯ ಗುಡಿಸಲುಗಳಲ್ಲಿ, ಗುಡಾರಗಳಲ್ಲಿ, ಸಮುದ್ರದ ಮಟ್ಟಕ್ಕಿಂತ ಕೆಲವೇ ಅಡಿ ಎತ್ತರದಲ್ಲಿ ವಾಸವಾಗಿದ್ದರು. ಸೆಪ್ಟೆಂಬರ್ 2, ಸೋಮವಾರ, ಕಾರ್ಮಿಕರ ದಿನದ ರಜೆ. ಚಂಡಮಾರುತ ಹತ್ತಿರವಾದಾಗ ಅವರನ್ನು ಕರೆತರಲು ಮಯಾಮಿಯಿಂದ ರೈಲನ್ನು ಕೇಳಲಾಯಿತು. ರಜೆಯ ದಿನ ಸಿಬ್ಬಂದಿಯನ್ನು ಕೂಡಿಸಿ ಗಾಡಿ ಹೊರಟದ್ದೇ ಸಂಜೆ ನಾಲ್ಕು ದಾಟಿದ ಮೇಲೆ. ದಾರಿಯಲ್ಲಿ ತೆರೆದಿದ್ದ ಸೇತುವೆಯ ಮುಂದೆಯೂ ಕಾಯಬೇಕಾಯಿತು. ಎಂಟು ಗಂಟೆಯ ಮೇಲೆ ಅದು ಇಸ್ಲಾಮೊರಾಡ ತಲುಪಿದಾಗ ಸಮುದ್ರವೂ ತಲುಪಿತು. ಹದಿನೇಳು ಹದಿನೆಂಟು ಅಡಿಯ ನೀರಿನ ಗೋಡೆ ಡಬ್ಬಿಗಳನ್ನೆಲ್ಲ ಹಳಿಯಿಂದ ಉರುಳಿಸಿತು. 447ನೇ ಸಂಖ್ಯೆಯ ಎಂಜಿನ್ ಮಾತ್ರ ನಿಂತಲ್ಲೇ ನಿಂತಿತ್ತು. ಸತ್ತವರು 400ಕ್ಕೂ ಹೆಚ್ಚು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆ ಮಾಜಿ ಸೈನಿಕರು. ಗಾಳಿಯ ಒತ್ತಡ 892 ಮಿಲಿಬಾರಿಗೆ ಇಳಿದಿತ್ತು. ಅಮೆರಿಕದ ನೆಲಕ್ಕೆ ಅಪ್ಪಳಿಸಿದ ಚಂಡಮಾರುತಗಳಲ್ಲಿ ಅಷ್ಟು ಕಡಮೆ ಒತ್ತಡ ಮತ್ತೆಂದೂ ದಾಖಲಾಗಿಲ್ಲ. ಆಗ ಕೀ ವೆಸ್ಟ್‌ನಲ್ಲಿ ವಾಸವಾಗಿದ್ದ ಲೇಖಕ ಹೆಮಿಂಗ್ವೇ ದೋಣಿಯಲ್ಲಿ ಬಂದು ಶವಗಳನ್ನು ಕಂಡು, ಈ ಸೈನಿಕರನ್ನು ಕೊಂದವರು ಯಾರೆಂದು ಕೇಳುವ ಉಗ್ರವಾದ ಲೇಖನವೊಂದನ್ನು ಬರೆದ.

ತಂದೆಯವರು ಸ್ಮಾರಕದ ಫಲಕವನ್ನು ಎರಡು ಸಲ ಓದಿದರು. “ಗಾಡಿ ಎಷ್ಟು ಗಂಟೆಗೆ ಬಿಟ್ಟರಂತೆ?”

“ನಾಲ್ಕೂವರೆ ಹೊತ್ತಿಗೆ ಅಪ್ಪ. ಕೇಳಿದ್ದೇ ಮಧ್ಯಾಹ್ನವಂತೆ.”

“ಬೆಳಿಗ್ಗೆ ಬಿಟ್ಟಿದ್ದರೆ ಎಲ್ಲರೂ ಊಟದ ಹೊತ್ತಿಗೆ ಮಯಾಮಿಯಲ್ಲಿರ್ತಿದ್ದರು. ಡ್ರೈವರ್ ಮೇಲೆ ತಪ್ಪು ಹೊರಿಸೋ ಹಾಗಿಲ್ಲ. ಅವನು ಬಂದಿದ್ದಾನೆ, ಪಾಪ.” ಅಷ್ಟು ಹೇಳಿ ಸುಮ್ಮನಾದರು. ಕಾರು ಹತ್ತಿದ ಮೇಲೆ ಧನುಷ್ಕೋಟಿಯ ಮಾತು ತೆಗೆದರು. 1964ರ ಡಿಸೆಂಬರಿನಲ್ಲಿ ಪಾಂಬನ್‌ನಿಂದ ಧನುಷ್ಕೋಟಿಗೆ ಹೊರಟಿದ್ದ ಪ್ಯಾಸೆಂಜರ್ ಗಾಡಿಯನ್ನು ಸಮುದ್ರ ಹೀಗೆಯೇ ನುಂಗಿ ನೂರಕ್ಕೂ ಹೆಚ್ಚು ಪ್ರಯಾಣಿಕರು ಸತ್ತರು. ಅವರು ರೈಲ್ವೆಗೆ ಸೇರಿದ ಹೊಸದರಲ್ಲಿ ಹಿರಿಯ ನೌಕರರು ಆ ರಾತ್ರಿಯ ಸುದ್ದಿಯನ್ನು ದನಿ ತಗ್ಗಿಸಿ ಹೇಳುತ್ತಿದ್ದರಂತೆ. 1914ರಲ್ಲಿ ತೆರೆದ ಪಾಂಬನ್ ಸೇತುವೆಯನ್ನು, ಮುಂದೆ ಕೊಂಕಣ ರೈಲ್ವೆ ಕಟ್ಟಿದ ಇ. ಶ್ರೀಧರನ್ ಅವರು 46 ದಿನಗಳಲ್ಲಿ ಸರಿಪಡಿಸಿದರು. ಧನುಷ್ಕೋಟಿಯ ಊರು ಮಾತ್ರ ಮತ್ತೆ ಏಳಲಿಲ್ಲ. ಇಲ್ಲಿ ನಡೆದದ್ದು ಇದಕ್ಕೆ ವಿರುದ್ಧ: ಊರು ಎದ್ದಿತು, ರೈಲು ಏಳಲಿಲ್ಲ. ಹಣಕಾಸಿನ ಸಂಕಷ್ಟದಲ್ಲಿದ್ದ ಕಂಪನಿ ಹಳಿಯ ದಾರಿಯನ್ನೂ ಸೇತುವೆಗಳನ್ನೂ ಕೇವಲ 6,40,000 ಡಾಲರಿಗೆ ರಾಜ್ಯಕ್ಕೆ ಮಾರಿತು. ರೈಲಿನ ಸೇತುವೆಗಳ ಮೇಲೆಯೇ ಕಾಂಕ್ರೀಟ್ ಹಾಸಿ 1938ರಲ್ಲಿ ರಸ್ತೆ ತೆರೆದರು. ಕಿತ್ತ ಹಳಿಗಳನ್ನು ಬಿಸಾಡದೆ ಸೇತುವೆಯ ಅಂಚಿಗೆ ತಡೆಕಂಬಿಯಾಗಿ ಹಾಕಿದರು. ಹಳೆಯ ಸೇತುವೆಯ ಮೇಲೆ ತುಕ್ಕು ಹಿಡಿದ ಆ ಹಳಿಗಳನ್ನು ಈಗಲೂ ಕಾಣಬಹುದು.

ನಡುವಿನ ಊರಾದ ಮ್ಯಾರಥಾನ್‌ನಲ್ಲಿ ಆಮೆಗಳ ಆಸ್ಪತ್ರೆಯಿದೆ. 1986ರಲ್ಲಿ ಒಂದು ಹಳೆಯ ಮೋಟೆಲಿನಲ್ಲಿ ಆರಂಭವಾದ ಇದಕ್ಕೆ ತನ್ನದೇ ಆಂಬುಲೆನ್ಸ್ ಇದೆ, ಶಸ್ತ್ರಚಿಕಿತ್ಸೆಯ ಕೊಠಡಿಯಿದೆ. ವಿನೋದಕ್ಕೆಂದು ಒಳಹೊಕ್ಕ ನಾನು ಎರಡು ಗಂಟೆ ಹೊರಬರಲಿಲ್ಲ. ಹಸಿರು ಕಡಲಾಮೆಗಳಿಗೆ ಹರ್ಪಿಸ್ ಜಾತಿಯ ವೈರಾಣುವಿನೊಂದಿಗೆ ನಂಟಿರುವ ಒಂದು ರೋಗ ಬರುತ್ತದೆ. ಕಣ್ಣು, ಕತ್ತು, ಈಜುಗಾಲುಗಳ ಸುತ್ತ ಹೂಕೋಸಿನಂಥ ಗಂಟುಗಳು ಬೆಳೆದು ಅವು ಕುರುಡಾಗಿ, ಆಹಾರ ಕಾಣದೆ ಸಾಯುತ್ತವೆ. ಆ ಗಂಟುಗಳನ್ನು ಕತ್ತರಿಸಿ ತೆಗೆದು, ತಿಂಗಳುಗಟ್ಟಲೆ ನೋಡಿಕೊಂಡು ಸಮುದ್ರಕ್ಕೆ ಬಿಡುತ್ತಾರೆ. ಇನ್ನು ಕೆಲವಕ್ಕೆ ದೋಣಿಯ ಪೆಟ್ಟು ಬಿದ್ದು, ಚಿಪ್ಪಿನಡಿಯಲ್ಲಿ ಗಾಳಿ ಸಿಕ್ಕಿಕೊಂಡು ಹಿಂಭಾಗ ಸದಾ ತೇಲುತ್ತದೆ. ಮುಳುಗಿ ಮೇಯಲು ಆಗದು. ಅವುಗಳ ಚಿಪ್ಪಿಗೆ ತೂಕದ ತುಂಡುಗಳನ್ನು ಅಂಟಿಸಿ ಸಮತೋಲ ಮಾಡುತ್ತಾರೆ. ಚಿಪ್ಪು ಬೆಳೆದಂತೆ ತೂಕ ಉದುರುವುದರಿಂದ, ಮತ್ತೆ ಮತ್ತೆ ಅಂಟಿಸಲು ಅವು ಅಲ್ಲಿಯೇ ಉಳಿಯಬೇಕು. ಅಮ್ಮ ಅಂಥ ಒಂದು ಆಮೆಯ ಕೊಳದ ಬಳಿ ಬಹಳ ಹೊತ್ತು ನಿಂತು, “ಇದಕ್ಕೂ ತಿಂಗಳಿಗೊಂದು ಸಲ ಚೆಕಪ್ಪು,” ಎಂದರು. ತಮ್ಮ ಸಕ್ಕರೆ ಕಾಯಿಲೆಯ ನೆನಪಾಗಿರಬೇಕು.

ಮನುಷ್ಯರ ಆಸ್ಪತ್ರೆಯ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಈ ಇಡೀ ಸರಪಳಿಯಲ್ಲಿ ಇರುವುದು ಕೆಲವೇ ಸಣ್ಣ ಆಸ್ಪತ್ರೆಗಳು. ಗಂಭೀರವಾದ ಅಪಘಾತವಾದರೆ ಹೆಲಿಕಾಪ್ಟರ್‌ನಲ್ಲಿ ಮಯಾಮಿಗೆ ಒಯ್ಯುತ್ತಾರೆ. ಆ ಹಾರಾಟದ ಬಿಲ್ಲು ಎಷ್ಟಾದೀತೆಂದು ನಾನು ಇಲ್ಲಿ ಬರೆದರೆ ಪ್ರಯಾಣದ ಆಸೆಯೇ ಬತ್ತಿಹೋದೀತು. ಭಾರತದಿಂದ ಬರುವ ತಂದೆತಾಯಿಗಳಿಗೆ ವಿಮೆ ಮಾಡಿಸುವಾಗ ಮೊದಲೇ ಇರುವ ಕಾಯಿಲೆಗಳ ಉಲ್ಬಣಕ್ಕೂ ತುರ್ತು ಸಾಗಣೆಗೂ ರಕ್ಷಣೆ ಇದೆಯೇ ಎಂಬುದನ್ನು ಸಣ್ಣ ಅಕ್ಷರಗಳಲ್ಲಿ ಓದಿ ನೋಡಿ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಈ ಬಿಸಿಲಿನಲ್ಲಿ ಬೇಗ ಬಳಲುತ್ತಾರೆ. ಶೌಚಾಲಯ ದೂರವೆಂದು ನೀರು ಕುಡಿಯದೇ ಇರುವುದು ನಮ್ಮ ತಾಯಂದಿರ ಅಭ್ಯಾಸ. ಅದನ್ನು ಬಿಡಿಸುವ ಔಷಧ ನನ್ನ ಬಳಿಯೂ ಇಲ್ಲ.

ಮ್ಯಾರಥಾನ್ ದಾಟಿದೊಡನೆ ಏಳು ಮೈಲಿ ಸೇತುವೆ. ಲೆಕ್ಕ ಹಾಕಿದರೆ ಏಳಕ್ಕೆ ತುಸು ಕಡಮೆ, ಸುಮಾರು 10.9 ಕಿಲೋಮೀಟರ್. ಈಗಿನದು 1982ರಲ್ಲಿ ಮುಗಿದದ್ದು. ಪಕ್ಕದಲ್ಲಿ ಜತೆಜತೆಯಾಗಿ ಫ್ಲಾಗ್ಲರನ ಹಳೆಯ ಸೇತುವೆ ಸಾಗುತ್ತದೆ. ಅದರ 2.2 ಮೈಲಿಯನ್ನು ದುರಸ್ತಿ ಮಾಡಿ 2022ರಲ್ಲಿ ನಡೆಯುವವರಿಗೂ ಸೈಕಲ್ಲಿನವರಿಗೂ ತೆರೆದಿದ್ದಾರೆ. ಹಿಂದೆ ಕೂಲಿಕಾರರ ಬೀಡಾಗಿದ್ದ ಪಿಜನ್ ಕೀ ಎಂಬ ಐದೆಕರೆಯ ದ್ವೀಪದವರೆಗೂ ಹೋಗಬಹುದು. ಅಪ್ಪ ಕೋಲೂರಿಕೊಂಡು ಅರ್ಧ ಮೈಲಿ ನಡೆದು, ಬಗ್ಗಿ, ಆ ಹಳಿಯ ಕಂಬಿಯನ್ನು ಬೆರಳಿನಿಂದ ತಟ್ಟಿ ನೋಡಿದರು. ಕೆಳಗೆ ತಿಳಿನೀರಿನಲ್ಲಿ ದೊಡ್ಡ ತೊರಕೆ ಮೀನೊಂದು ರೆಕ್ಕೆ ಬೀಸುತ್ತ ಹೋಯಿತು. ಸೇತುವೆಯ ಮೇಲೆ ಕಾರು ಓಡಿಸುವುದಕ್ಕಿಂತ ಹೀಗೆ ನಡೆಯುವುದೇ ಸೊಗಸೆಂಬುದು ನನ್ನ ಅಭಿಪ್ರಾಯ. ಕಾರಿನಲ್ಲಿ ಅದು ಹತ್ತೇ ನಿಮಿಷದಲ್ಲಿ ಮುಗಿಯುತ್ತದೆ, ಓಡಿಸುವವನಿಗೆ ನೋಡುವ ಭಾಗ್ಯವೂ ಇಲ್ಲ.

ಬಾಹಿಯಾ ಹೊಂಡಾದ ತುಂಡಾದ ಕಬ್ಬಿಣದ ಸೇತುವೆಯನ್ನೂ ಮರಳಿನ ತೀರವನ್ನೂ ನೋಡಿ ಬಿಗ್ ಪೈನ್ ಕೀಗೆ ಬಂದರೆ ವಾಹನದ ವೇಗ ಒಮ್ಮೆಲೇ ಇಳಿಸಬೇಕು. ಇದು ‘ಕೀ ಜಿಂಕೆ’ಗಳ ನೆಲೆ. ದೊಡ್ಡ ನಾಯಿಯಷ್ಟೇ ಎತ್ತರದ ಈ ಜಿಂಕೆಗಳು ಲೋಕದಲ್ಲಿ ಇಲ್ಲಿ ಬಿಟ್ಟರೆ ಬೇರೆಲ್ಲಿಯೂ ಇಲ್ಲ. ಬೇಟೆಯಿಂದ ಅವು ಕೆಲವೇ ಹತ್ತುಗಳಿಗೆ ಇಳಿದಾಗ 1957ರಲ್ಲಿ ಅಭಯಧಾಮ ಮಾಡಿದರು, ನೂರುಗಳಲ್ಲಿ ಹೆಚ್ಚಿದವು. 2016ರಲ್ಲಿ ಬೇರೊಂದು ಕಂಟಕ ಬಂತು. ಒಂದು ಜಾತಿಯ ನೊಣ ಗಾಯದ ಮೇಲೆ ಮೊಟ್ಟೆಯಿಟ್ಟು, ಮರಿಹುಳುಗಳು ಜೀವಂತ ಮಾಂಸವನ್ನು ತಿನ್ನತೊಡಗಿದವು. ಹಳ್ಳಿಯಲ್ಲಿ ದನದ ಗಾಯಕ್ಕೆ ಹುಳ ಬೀಳುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ನೂರಕ್ಕೂ ಹೆಚ್ಚು ಜಿಂಕೆಗಳು ಸತ್ತವು. ಕಾದಾಡಿ ಗಾಯ ಮಾಡಿಕೊಳ್ಳುವ ಗಂಡುಗಳೇ ಹೆಚ್ಚು. ಪರಿಹಾರ ಮಾತ್ರ ಚೆಲುವಾದದ್ದು. ಹೆಣ್ಣು ನೊಣ ಬದುಕಿನಲ್ಲಿ ಒಂದೇ ಸಲ ಕೂಡುತ್ತದೆ. ಆದ್ದರಿಂದ ವಿಕಿರಣದಿಂದ ಬಂಜೆಯಾಗಿಸಿದ ನೊಣಗಳನ್ನು ಕೋಟಿಗಟ್ಟಲೆ ತಂದು ಬಿಟ್ಟರು, ಮೊಟ್ಟೆಗಳು ಜೊಳ್ಳಾದವು. 2017ರ ಮಾರ್ಚಿನ ಹೊತ್ತಿಗೆ ಪೀಡೆ ತೊಲಗಿತು. ಸಂಜೆಯ ಹೊತ್ತಿಗೆ ಒಂದು ತಾಯಿಜಿಂಕೆ ಮರಿಯೊಡನೆ ಯಾರದೋ ಮನೆಯ ಅಂಗಳದಲ್ಲಿ ಮೇಯುತ್ತಿದ್ದುದನ್ನು ಕಂಡೆವು. ಅವಕ್ಕೆ ತಿನ್ನಲು ಏನನ್ನೂ ಕೊಡಬಾರದು, ಅದು ಕಾನೂನು.

ಅದೇ ವರ್ಷದ ಸೆಪ್ಟೆಂಬರ್ 10ರಂದು ಇರ್ಮಾ ಚಂಡಮಾರುತ ಇಲ್ಲಿಗೆ ಹತ್ತಿರದ ಕಡ್ಜೋ ಕೀಗೆ ಅಪ್ಪಳಿಸಿತು. ಹೊರಹೋಗಲು ಇರುವುದು ಇದೊಂದೇ ರಸ್ತೆ. ಖಾಯಂ ನಿವಾಸಿಗಳೆಲ್ಲ ಸುಮಾರು 24 ಗಂಟೆಗಳಲ್ಲಿ ಈ ರಸ್ತೆಯಿಂದ ಪಾರಾಗಲು ಸಾಧ್ಯವೇ ಎಂಬ ಲೆಕ್ಕದ ಮೇಲೆಯೇ ಇಲ್ಲಿ ಹೊಸ ಮನೆಗಳಿಗೆ ಅನುಮತಿ ಕೊಡುತ್ತಾರೆ. ಆ ದಿನಗಳಲ್ಲಿ ಉತ್ತರಕ್ಕೆ ಓಡಿಬಂದವರು ನಾನು ಕೆಲಸ ಮಾಡುವ ಮಧ್ಯ ಫ್ಲಾರಿಡಾದ ಆಸ್ಪತ್ರೆಗೂ ಬಂದರು. ಡಯಾಲಿಸಿಸ್ ತಪ್ಪಿಸಿಕೊಂಡಿದ್ದ ಒಬ್ಬರು, ಮಾತ್ರೆಯ ಬಣ್ಣವಷ್ಟೇ ಗೊತ್ತಿದ್ದು ಹೆಸರು ಗೊತ್ತಿಲ್ಲದ ಮತ್ತೊಬ್ಬರು. ಔಷಧಗಳ ಪಟ್ಟಿಯನ್ನು ಪರ್ಸಿನಲ್ಲಿಟ್ಟುಕೊಳ್ಳಿ ಎಂದು ನಾನು ಬೇಸರ ಬರುವಷ್ಟು ಹೇಳುವುದು ಆಗಿನಿಂದ. ಮ್ಯಾರಥಾನ್‌ನ ಆಸ್ಪತ್ರೆಯು ಹಾಳಾಗಿ, ವರ್ಷಗಟ್ಟಲೆ ತಾತ್ಕಾಲಿಕ ಕಟ್ಟಡದಲ್ಲಿ ನಡೆದು, 2021ರಲ್ಲಿ ಹೊಸದಾಗಿ ತೆರೆಯಿತು.

ಇಲ್ಲಿಗೆ ಕೆಲಸಕ್ಕೆ ಬರುವ ಕನಸಿರುವವರಿಗೆ ಇನ್ನೊಂದು ದೃಶ್ಯವನ್ನು ಹೇಳಬೇಕು. ಮನೆಯ ಬೆಲೆ ಮತ್ತು ಬಾಡಿಗೆ ಗಗನಕ್ಕೇರಿರುವುದರಿಂದ, ಹೋಟೆಲಿನ ಕೋಣೆ ಗುಡಿಸುವವರು, ಅಡುಗೆಯವರು, ಅಂಗಡಿಯ ನೌಕರರು ಅನೇಕರು ಮುಖ್ಯಭೂಮಿಯಲ್ಲಿ ವಾಸಿಸುತ್ತಾರೆ. ಬೆಳಕು ಹರಿಯುವ ಮೊದಲೇ ಫ್ಲಾರಿಡಾ ಸಿಟಿಯಿಂದ ಬಸ್ಸು ಹತ್ತಿ ಎರಡು ಗಂಟೆ ಬಂದು, ಸಂಜೆ ಎರಡು ಗಂಟೆ ಹಿಂದಿರುಗುತ್ತಾರೆ. ಹೈಟಿ, ಕ್ಯೂಬಾ, ಮಧ್ಯ ಅಮೆರಿಕದವರು. ನಾವು ಫೋಟೋ ತೆಗೆಯಲು ನಿಲ್ಲಿಸಿದ ಸೇತುವೆಗಳನ್ನು ಅವರು ನಿದ್ದೆಯಲ್ಲಿ ದಾಟುತ್ತಾರೆ.

ಕೀ ವೆಸ್ಟ್ ಬಗ್ಗೆ ಬರೆದವರು ಬಹಳ, ಬೇಗ ಮುಗಿಸುತ್ತೇನೆ. ಆರು ಬೆರಳಿನ ಬೆಕ್ಕುಗಳಿರುವ ಹೆಮಿಂಗ್ವೇ ಮನೆ, ಕ್ಯೂಬಾ ಇಲ್ಲಿಂದ 90 ಮೈಲಿ ಎಂದು ಬರೆದಿರುವ ಬಣ್ಣದ ಕಾಂಕ್ರೀಟ್ ಗುರುತು, ಅದರ ಮುಂದೆ ಫೋಟೋಗಾಗಿ ತಿರುಪತಿಯ ಸಾಲು, ಮ್ಯಾಲರಿ ಚೌಕದಲ್ಲಿ ಸೂರ್ಯಾಸ್ತಕ್ಕೆ ಚಪ್ಪಾಳೆ. ಕುಡಿಯುವ ನೀರಿನ ಬಾವಿ ಈ ಊರಿಗಿಲ್ಲ. ಮಳೆನೀರಿನ ತೊಟ್ಟಿಗಳಿಂದ ಬದುಕಿದ್ದ ಜನಕ್ಕೆ 1942ರಲ್ಲಿ ನೌಕಾಪಡೆ ಮುಖ್ಯಭೂಮಿಯಿಂದ ಕೊಳವೆ ಹಾಕಿಸಿತು. 1982ರಲ್ಲಿ ಗಡಿರಕ್ಷಕರು ದ್ವೀಪಗಳ ಹೆಬ್ಬಾಗಿಲಿನಲ್ಲಿಯೇ ತಡೆಗಟ್ಟೆ ಹಾಕಿ, ಅಮೆರಿಕದವರೇ ಆದ ಇಲ್ಲಿನವರ ಕಾಗದಪತ್ರ ಕೇಳತೊಡಗಿದಾಗ, ನಗರಾಧ್ಯಕ್ಷರು ‘ಶಂಖ ಗಣರಾಜ್ಯ’ವೆಂದು ಸ್ವಾತಂತ್ರ್ಯ ಘೋಷಿಸಿ, ಒಂದು ನಿಮಿಷ ಯುದ್ಧ ಮಾಡಿ, ಶರಣಾಗಿ, ನೂರು ಕೋಟಿ ಡಾಲರ್ ಪರಿಹಾರ ಕೇಳಿದರು. ತಮಾಷೆಯೇ, ಆದರೆ ತಡೆಗಟ್ಟೆ ಹೋಯಿತು. ಪೌರರಲ್ಲದವರು ಈ ದಾರಿಯಲ್ಲಿ ತಮ್ಮ ದಾಖಲೆಗಳನ್ನು ಜತೆಗಿಟ್ಟುಕೊಳ್ಳುವುದು ಇಂದಿಗೂ ಕ್ಷೇಮ.

ಊರಿನ ಹೆಮ್ಮೆಯ ತಿನಿಸು ‘ಕೀ ಲೈಮ್ ಪೈ’. ಆ ಚಿಕ್ಕ ಲೈಮ್ ಬೇರಾವುದೂ ಅಲ್ಲ, ಇಂಡಿ ವಿಜಯಪುರಗಳ ಕಡೆ ಬೆಳೆಯುವ ನಮ್ಮ ತೆಳುಸಿಪ್ಪೆಯ ಲಿಂಬೆಯ ಜಾತಿಯೇ. ಹಸುವಿಲ್ಲದ, ಶೀತಕವಿಲ್ಲದ ದ್ವೀಪದಲ್ಲಿ ಡಬ್ಬಿಯ ಸಿಹಿಹಾಲಿಗೆ ಲಿಂಬೆ ಹಿಂಡಿ ಮಾಡಿದ್ದು. ಮೊಟ್ಟೆಯ ಹಳದಿ ಸೇರುತ್ತದೆಂಬುದು ಶಾಕಾಹಾರಿಗಳಿಗೆ ತಿಳಿದಿರಲಿ. ಅಮ್ಮ ವಾಸನೆ ನೋಡಿ ಬದಿಗಿಟ್ಟು, ಚೀಲದಲ್ಲಿದ್ದ ಪುಳಿಯೋಗರೆ ಬಿಚ್ಚಿದರು. ಕ್ಯೂಬಾದವರ ಹಾಲು ಹಾಕಿದ ಕಾಫಿಗೆ ಮಾತ್ರ ಒಪ್ಪಿಗೆ ಸಿಕ್ಕಿತು.

ರಸ್ತೆ ಇಲ್ಲಿಗೆ ಮುಗಿದರೂ ದ್ವೀಪಗಳು ಮುಗಿಯುವುದಿಲ್ಲ. ಇನ್ನೂ 70 ಮೈಲಿ ಪಶ್ಚಿಮಕ್ಕೆ ಡ್ರೈ ಟಾರ್ಟೂಗಸ್. ಹಡಗಿನಲ್ಲಿ ಎರಡು ಗಂಟೆಗೂ ಹೆಚ್ಚು. ಟಿಕೆಟ್ಟನ್ನು ಬಹಳ ಮೊದಲೇ ಕಾದಿರಿಸಬೇಕು. ಕಡಲಿನ ನಡುವೆ ಒಂದು ಕೋಟಿ ಅರವತ್ತು ಲಕ್ಷ ಇಟ್ಟಿಗೆಗಳ ಷಟ್ಕೋನದ ಕೋಟೆ, ಫೋರ್ಟ್ ಜೆಫರ್ಸನ್. 1846ರಲ್ಲಿ ಆರಂಭಿಸಿ ಎಂದೂ ಪೂರ್ತಿಯಾಗದ ಈ ಕೋಟೆ ಅಂತರ್ಯುದ್ಧದ ಕಾಲಕ್ಕೆ ಸೆರೆಮನೆಯಾಯಿತು. ನಾನು ಬಂದದ್ದು ಇಲ್ಲಿದ್ದ ಒಬ್ಬ ಕೈದಿಯ ಕೋಣೆ ನೋಡಲು. ಆತ ಡಾಕ್ಟರ್ ಸ್ಯಾಮ್ಯುಯಲ್ ಮಡ್. ಅಧ್ಯಕ್ಷ ಲಿಂಕನ್‌ರನ್ನು ಕೊಂದ ಜಾನ್ ವಿಲ್ಕ್ಸ್ ಬೂತ್ ಮುರಿದ ಕಾಲಿನೊಂದಿಗೆ ಆತನ ಮನೆಯ ಬಾಗಿಲು ಬಡಿದಾಗ ಮೂಳೆಗೆ ಕಟ್ಟು ಹಾಕಿದವನು. ಆತ ಬೂತ್‌ನನ್ನು ಮೊದಲೇ ಬಲ್ಲವನಾಗಿದ್ದ. ಸಂಚಿನಲ್ಲಿ ಎಷ್ಟು ಪಾಲಿತ್ತೆಂಬ ವಾದ ಇನ್ನೂ ತೀರಿಲ್ಲ. 1865ರಲ್ಲಿ ಜೀವಾವಧಿ ಶಿಕ್ಷೆಯಾಗಿ ಇಲ್ಲಿಗೆ ಬಂದ. ಹಡಗಿನಲ್ಲಿ ಅಡಗಿ ತಪ್ಪಿಸಿಕೊಳ್ಳಲು ಹೋಗಿ ಸಿಕ್ಕಿಬಿದ್ದ.

1867ರಲ್ಲಿ ಕೋಟೆಗೆ ಹಳದಿ ಜ್ವರ ನುಗ್ಗಿತು. ಸುಮಾರು 400 ಮಂದಿಯಲ್ಲಿ 270 ಮಂದಿ ಮಲಗಿದರು, 38 ಮಂದಿ ಸತ್ತರು. ಸತ್ತವರಲ್ಲಿ ಕೋಟೆಯ ವೈದ್ಯಾಧಿಕಾರಿಯೂ ಒಬ್ಬರು. ಆಗ ಕೈದಿಯಾದ ಮಡ್ ರೋಗಿಗಳ ಆರೈಕೆಗೆ ನಿಂತ. ತನಗೂ ಜ್ವರ ಬಂದು ಉಳಿದುಕೊಂಡ. ಜ್ವರ ಹೇಗೆ ಹರಡುತ್ತದೆಂಬುದು ಆತನಿಗೂ ಗೊತ್ತಿರಲಿಲ್ಲ, ಲೋಕಕ್ಕೂ ಗೊತ್ತಿರಲಿಲ್ಲ. ಸೊಳ್ಳೆಯಿಂದ ಎಂದು ಹವಾನಾದ ಕಾರ್ಲೋಸ್ ಫಿನ್ಲೇ ಹೇಳಿದ್ದು 1881ರಲ್ಲಿ. ವಾಲ್ಟರ್ ರೀಡ್‌ರ ತಂಡ ಅದನ್ನು ಸಿದ್ಧಪಡಿಸಿದ್ದು 1900ರಲ್ಲಿ. ಕೋಟೆಯ ಮಳೆನೀರಿನ ತೊಟ್ಟಿಗಳು ಆ ಸೊಳ್ಳೆಗೆ ತವರು. ಅದೇ ಈಡಿಸ್ ಈಜಿಪ್ಟಿ ಬೆಂಗಳೂರಿನ ನಮ್ಮ ಹೂಕುಂಡಗಳಲ್ಲಿ ಡೆಂಗಿಯನ್ನು ಹಡೆಯುತ್ತದೆ. 2009–10ರಲ್ಲಿ ಕೀ ವೆಸ್ಟ್‌ನಲ್ಲಿಯೂ ಡೆಂಗಿ ಹರಡಿತ್ತು. 2021ರಲ್ಲಿ ಈ ದ್ವೀಪಗಳಲ್ಲಿ ವಂಶವಾಹಿ ಮಾರ್ಪಡಿಸಿದ ಗಂಡು ಸೊಳ್ಳೆಗಳನ್ನು ಪ್ರಯೋಗಕ್ಕಾಗಿ ಬಿಟ್ಟರು. ಬದುಕುಳಿದ ಸೈನಿಕರು ಮಡ್‌ನ ಬಿಡುಗಡೆಗಾಗಿ ಮನವಿಗೆ ಸಹಿ ಹಾಕಿದರು. 1869ರ ಆರಂಭದಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಕ್ಷಮಾದಾನ ಕೊಟ್ಟರು. ಆತ ಮೇರಿಲ್ಯಾಂಡಿನ ಮನೆಗೆ ಮರಳಿ, ಮತ್ತೆ ರೋಗಿಗಳನ್ನು ನೋಡುತ್ತ 49ನೇ ವಯಸ್ಸಿನಲ್ಲಿ ತೀರಿಕೊಂಡ.

ಕೋಣೆ ಹೆಬ್ಬಾಗಿಲಿನ ಮೇಲಿದೆ. ಕಿಟಕಿಯೆಂದರೆ ಗೋಡೆಯ ಸೀಳು. ಮಳೆ ಬಂದಾಗ ಒಳಗೆ ನಿಲ್ಲುತ್ತಿದ್ದ ನೀರು ಹರಿದುಹೋಗಲೆಂದು ಕೈದಿಗಳು ನೆಲದಲ್ಲಿ ಕೊರೆದ ಸಣ್ಣ ಕಾಲುವೆಗಳು ಇನ್ನೂ ಇವೆ. ಅಪ್ಪ ಕೋಲಿನ ತುದಿಯನ್ನು ಅದರಲ್ಲಿಟ್ಟು ಬಾಗಿಲಿನ ತನಕ ಎಳೆದು ನೋಡಿ, “ಇಳಿಜಾರು ಸರಿಯಾಗಿ ಕೊಟ್ಟಿದ್ದಾರೆ,” ಎಂದರು. ಹಡಗು ಹೊರಡಲು ಇನ್ನು ಇಪ್ಪತ್ತು ನಿಮಿಷವಿತ್ತು. ಅಮ್ಮ ಕೆಳಗೆ ಬಾದಾಮಿ ಮರದಂಥದೊಂದು ಮರದ ನೆರಳಿನಲ್ಲಿ ಕುಳಿತು, ಕೊನೆಗೂ, ಬಾಟಲಿಯ ನೀರು ಕುಡಿಯುತ್ತಿದ್ದರು.